ಲೆಕ್ಕದಲ್ಲಿ ತೆರೆದ ಬಾಗಿಲು

ಎಲ್ಲಾದರೂ ಒಂದು ಅನಾಹುತ ಆಗಲಿ, ಮರುದಿನ ಬೆಳಿಗ್ಗೆ ಹೋಟೆಲಿನ ಮೇಜುಗಳಲ್ಲಿ ಒಂದೇ ಧಾಟಿಯ ಮಾತು. ಆ ಬಾಗಿಲಿಗೆ ಬೀಗ ಜಡಿಯದೆ ಇದ್ದಿದ್ದರೆ ಅಷ್ಟು ಜನ ಸಾಯುತ್ತಿರಲಿಲ್ಲ. ಬಾಯ್ಲರಿನ ಪಕ್ಕಕ್ಕೇ ಊಟದ ಕೋಣೆ ಕಟ್ಟದಿದ್ದರೆ ಆ ಹುಡುಗ ಉಳಿಯುತ್ತಿದ್ದ. ರಾತ್ರಿ ಪಾಳಿಗೆ ಇನ್ನೊಬ್ಬನನ್ನು ಹಾಕಿದ್ದರೆ ವಾಲ್ವ್ ತಿರುಗಿಸುವುದಕ್ಕೆ ಒಂದು ಕೈ ಸಿಗುತ್ತಿತ್ತು. ಹೋಟೆಲಿನಲ್ಲಿ ಈ ಮಾತು ಕಾಫಿ ಆರುವವರೆಗೆ ನಡೆಯುತ್ತದೆ, ಪತ್ರಿಕೆಗಳಲ್ಲಿ ಒಂದು ವಾರ, ತನಿಖೆಯ ಕಡತಗಳಲ್ಲಿ ವರ್ಷಗಟ್ಟಲೆ. ಇದನ್ನು ಬರಿಯ ಬಾಯಿಮಾತು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೋದ ಜೀವಗಳಿಗಾಗಿ ಮರುಗುವ ಮನಸ್ಸು ಮೊದಲು ಹಿಡಿಯುವ ದಾರಿ ಇದೇ. ನನ್ನ ಸಂಕಟ ಬೇರೆ. ಇದೇ ಪ್ರಶ್ನೆಗಳನ್ನು ಒಂದು ದಿನ ಮೊದಲು, ಒಂದು ವರ್ಷ ಮೊದಲು, ಕಟ್ಟಡದ ನಕ್ಷೆ ಇನ್ನೂ ಕಾಗದದ ಮೇಲಿದ್ದಾಗಲೇ ಕೇಳಬಹುದಿತ್ತು.

ಹಾಗೆ ಮೊದಲೇ ಕೇಳುವ ವಿದ್ಯೆಯೊಂದು ಈಗ ಬೆಳೆದು ನಿಂತಿದೆ. ಎಂಜಿನಿಯರುಗಳು ಅದನ್ನು ಸಿಮ್ಯುಲೇಶನ್ ಎನ್ನುತ್ತಾರೆ. ಕಂಪ್ಯೂಟರಿನೊಳಗೆ ಒಂದು ಕಾರ್ಖಾನೆ ಕಟ್ಟುವುದು; ಗೋಡೆ, ಮೆಟ್ಟಿಲು, ಯಂತ್ರ, ಕೊಳವೆ, ಜನ ಎಲ್ಲವನ್ನೂ ಅಳತೆಗೆ ತಕ್ಕಂತೆ ಇಡುವುದು; ಆಮೇಲೆ ಅದರಲ್ಲಿ ಬೆಂಕಿ ಹಚ್ಚುವುದು, ಅನಿಲ ಸೋರಿಸುವುದು, ಕರೆಂಟು ತೆಗೆಯುವುದು. ಒಂದು ಸಲವಲ್ಲ, ಸಾವಿರ ಸಲ. ಪ್ರತಿ ಸಲವೂ ಏನೋ ಒಂದನ್ನು ಸ್ವಲ್ಪ ಬದಲಿಸಿ ನೋಡುವುದು. ಯಾರ ಬೆರಳಿಗೂ ಗಾಯವಾಗುವುದಿಲ್ಲ.

ಸಾವಿರ ಸಲ ಏಕೆ ಎಂದು ಚೌಕಾಬಾರ ಆಡಿದವರು ಕೇಳಲಾರರು. ನಾಲ್ಕು ಕವಡೆ ಒಂದು ಸಲ ಎಸೆದರೆ ಬಾರ ಬೀಳಬಹುದು, ಬೀಳದೆಯೂ ಇರಬಹುದು. ಆ ಒಂದು ಎಸೆತದಿಂದ ಏನೂ ತಿಳಿಯದು. ಆದರೆ ಬೇಸಗೆಯ ಮಧ್ಯಾಹ್ನಗಳನ್ನೆಲ್ಲ ಜಗಲಿಯಲ್ಲಿ ಕೂತು ಆಡಿದ ಅಜ್ಜಿಗೆ ಎರಡು ಎಷ್ಟು ಸಲ ಬೀಳುತ್ತದೆ, ಬಾರ ಎಷ್ಟು ಅಪರೂಪ ಎಂಬುದು ಲೆಕ್ಕ ಹಾಕದೆಯೇ ಗೊತ್ತು. ಆ ಅರಿವಿನಿಂದಲೇ ಯಾವ ಕಾಯಿಯನ್ನು ಮುಂದಕ್ಕೆ ಒಯ್ಯಬೇಕು, ಯಾವುದನ್ನು ಕಟ್ಟೆಯಲ್ಲಿ ಕೂರಿಸಬೇಕು ಎಂದು ಆಕೆ ನಿರ್ಧರಿಸುತ್ತಾಳೆ. ಕಂಪ್ಯೂಟರಿನ ಹೊಸ ವಿದ್ಯೆಯೂ ಇಂಥದೇ ಆಟದಿಂದ ಹುಟ್ಟಿತು. 1946ರಲ್ಲಿ ಪೋಲೆಂಡ್ ಮೂಲದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ, ಒಬ್ಬರೇ ಕೂತು ಆಡುವ ಇಸ್ಪೀಟಿನಲ್ಲಿ ಹೊತ್ತು ಕಳೆಯುತ್ತಿದ್ದರು. ಈ ಆಟ ಗೆಲ್ಲುವ ಸಂಭವ ಎಷ್ಟು ಎಂದು ಸೂತ್ರಗಳಿಂದ ಹುಡುಕಹೊರಟರೆ ಲೆಕ್ಕ ಮುಗಿಯುವಂತಿರಲಿಲ್ಲ. ನೂರು ಸಲ ಆಡಿ ಎಷ್ಟು ಸಲ ಗೆದ್ದೆವೆಂದು ಎಣಿಸಿದರೆ ಸಾಲದೆ ಎಂದು ಅವರಿಗೆ ಹೊಳೆಯಿತು. ಜಾನ್ ಫಾನ್ ನಾಯ್ಮನ್ ಜೊತೆ ಸೇರಿ ಅದನ್ನು ಆಗಿನ ಕಂಪ್ಯೂಟರಿಗೆ ಒಗ್ಗಿಸಿದರು. ಉಲಾಮ್ ಅವರ ಸಂಬಂಧಿಯೊಬ್ಬರು ಜೂಜಾಡಲು ಹೋಗುತ್ತಿದ್ದ ಊರಿನ ಹೆಸರೇ, ಮಾಂಟೆ ಕಾರ್ಲೊ, ಈ ವಿಧಾನಕ್ಕೆ ಅಂಟಿಕೊಂಡಿತು. ಅಣ್ವಸ್ತ್ರದ ಒಳಗೆ ನ್ಯೂಟ್ರಾನುಗಳು ಹೇಗೆ ಚೆದುರುತ್ತವೆ ಎಂದು ತಿಳಿಯುವುದು ಅದರ ಮೊದಲ ಕೆಲಸವಾಗಿತ್ತು. ಸಾವಿನ ಸಿದ್ಧತೆಯಲ್ಲಿ ಹುಟ್ಟಿದ ಲೆಕ್ಕ ಇಂದು ಜೀವ ಉಳಿಸುವುದಕ್ಕೂ ಒದಗುತ್ತಿದೆಯಲ್ಲ, ಅದು ನನಗೆ ಸಣ್ಣ ಸಮಾಧಾನವಲ್ಲ.

ಇನ್ನು ಬಾಗಿಲ ವಿಷಯಕ್ಕೆ ಬರುತ್ತೇನೆ. 1911ರ ಮಾರ್ಚ್ 25, ಶನಿವಾರ ಸಂಜೆ. ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ರವಿಕೆ ಹೊಲಿಯುವ ಕಾರ್ಖಾನೆ, ಕಟ್ಟಡದ ಎಂಟು, ಒಂಬತ್ತು ಮತ್ತು ಹತ್ತನೆಯ ಮಹಡಿ. ಬೆಂಕಿ ಎದ್ದದ್ದು ಎಂಟರಲ್ಲಿ. ಅಲ್ಲಿಂದ ಹತ್ತನೆಯ ಮಹಡಿಯ ಕಚೇರಿಗೆ ಫೋನಿನಲ್ಲಿ ಸುದ್ದಿ ಹೋಯಿತು. ನಡುವಿನ ಒಂಬತ್ತಕ್ಕೆ ಹೋಗಲಿಲ್ಲ. ಒಂಬತ್ತರಲ್ಲಿದ್ದವರಿಗೆ ಬೆಂಕಿಯೇ ಬಂದು ಸುದ್ದಿ ಹೇಳಿತು. ಅಲ್ಲಿಯ ಒಂದು ಮೆಟ್ಟಿಲ ಬಾಗಿಲಿಗೆ ಬೀಗ ಬಿದ್ದಿತ್ತು. ಹೊರಗಿನ ಕಬ್ಬಿಣದ ಏಣಿ ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕದವರ ಏಣಿ ಆರನೆಯ ಮಹಡಿಯ ಎತ್ತರದಲ್ಲೇ ನಿಂತಿತು. ಸತ್ತವರು 146 ಮಂದಿ. ಹೆಚ್ಚಿನವರು ಇಟಲಿಯಿಂದಲೂ ಪೂರ್ವ ಯುರೋಪಿನ ಯಹೂದಿ ಮನೆಗಳಿಂದಲೂ ದುಡಿಮೆಗೆಂದು ಬಂದಿದ್ದ ಹರೆಯದ ಹೆಣ್ಣುಮಕ್ಕಳು. ಕಿಟಕಿಯಿಂದ ಅವರು ಜಿಗಿಯುವುದನ್ನು ರಸ್ತೆಯಲ್ಲಿ ನಿಂತು ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಒಬ್ಬರು. 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆಯಾದ ಆಕೆ ಆ ಸಂಜೆಯನ್ನು ಕೊನೆಯವರೆಗೂ ಮರೆಯಲಿಲ್ಲ.

ಜನ ಕಟ್ಟಡದಿಂದ ಹೊರಬರುವುದನ್ನು ಅಳೆದು ನೋಡಿದವರು ಒಂದು ಸರಳ ಅಂಕಿ ಹೇಳುತ್ತಾರೆ. ದಟ್ಟವಾಗಿ ಸೇರಿದ ಜನ, ಬಳಸಲು ಸಿಗುವ ಒಂದು ಮೀಟರ್ ಅಗಲದ ಬಾಗಿಲಿನಿಂದ ಒಂದು ಸೆಕೆಂಡಿಗೆ ಹೆಚ್ಚೆಂದರೆ 1.3 ಮಂದಿಯಂತೆ ಹೊರಬೀಳಬಹುದು. ಒಂದು ಮಹಡಿಯಲ್ಲಿ 300 ಮಂದಿ ಇದ್ದು ಒಂದೇ ಬಾಗಿಲಿದ್ದರೆ ಸುಮಾರು ನಾಲ್ಕು ನಿಮಿಷ. ಎರಡಿದ್ದರೆ ಎರಡು ನಿಮಿಷದೊಳಗೆ. ಇದು ಬಾಗಿಲ ಬಳಿಗೆ ಬಂದ ಮೇಲಿನ ಹೊತ್ತು ಮಾತ್ರ. ಬೆಂಕಿ ಎಂದು ತಿಳಿಯಲು ಒಂದಷ್ಟು, ನಂಬಲು ಒಂದಷ್ಟು, ಯಂತ್ರ ನಿಲ್ಲಿಸಿ ಚೀಲ ಎತ್ತಿಕೊಂಡು ಪಕ್ಕದವಳನ್ನು ಕೂಗಲು ಇನ್ನೊಂದಷ್ಟು ಸೇರಿಸಬೇಕು. 2000ದಲ್ಲಿ ಡಿರ್ಕ್ ಹೆಲ್ಬಿಂಗ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮಾದರಿಯಂತೂ ಇನ್ನೊಂದು ಮಾತು ಹೇಳಿತು. ಎಲ್ಲರೂ ಅವಸರದಿಂದ ನುಗ್ಗಿದಷ್ಟೂ ಬಾಗಿಲ ಬಾಯಲ್ಲಿ ಮೈಗೆ ಮೈ ಸಿಕ್ಕಿಕೊಂಡು ಹೊರಬೀಳುವುದು ನಿಧಾನವಾಗುತ್ತದೆ. ಜಾತ್ರೆಯ ನೂಕುನುಗ್ಗಲು ಕಂಡ ನಮಗೆ ಇದು ಹೊಸತಲ್ಲ. ಎಷ್ಟು ಅಗಲಕ್ಕೆ, ಎಷ್ಟು ಜನಕ್ಕೆ, ಯಾವ ಹಂತದಲ್ಲಿ ಹಾಗಾಗುತ್ತದೆ ಎಂದು ಮೊದಲೇ ಹೇಳಬಲ್ಲ ಲೆಕ್ಕ ಮಾತ್ರ ಹೊಸತು.

ಈ ಲೆಕ್ಕಗಳನ್ನು ನಂಬುವುದು ಹೇಗೆ ಎಂಬ ಅನುಮಾನ ನ್ಯಾಯವಾದದ್ದೇ. ನಂಬಬೇಕಾದರೆ ನಿಜವಾದ ಬೆಂಕಿಯ ಎದುರು ಒರೆಗೆ ಹಚ್ಚಬೇಕು. 2003ರ ಫೆಬ್ರವರಿ 20ರ ರಾತ್ರಿ ಅಮೆರಿಕದ ರೋಡ್ ಐಲ್ಯಾಂಡಿನ ಒಂದು ನೈಟ್‌ಕ್ಲಬ್ಬಿನಲ್ಲಿ ಬಾಣಬಿರುಸಿನ ಕಿಡಿ ವೇದಿಕೆಯ ಗೋಡೆಯ ಫೋಮಿಗೆ ತಗುಲಿ ನೂರು ಮಂದಿ ತೀರಿಕೊಂಡರು. ಅಲ್ಲಿಯ ರಾಷ್ಟ್ರೀಯ ಮಾನಕ ಸಂಸ್ಥೆ ಆ ವೇದಿಕೆಯ ಭಾಗವನ್ನು ನಿಜಗಾತ್ರದಲ್ಲಿ ಮತ್ತೆ ಕಟ್ಟಿ, ಸುಟ್ಟು ನೋಡಿತು. ಅದೇ ಬೆಂಕಿಯನ್ನು ಕಂಪ್ಯೂಟರಿನಲ್ಲೂ ಹಚ್ಚಿ ನೋಡಿತು. ಸುಮಾರು ತೊಂಬತ್ತು ಸೆಕೆಂಡಿನಲ್ಲಿ ಒಳಗಿನ ಗಾಳಿ ಮನುಷ್ಯರು ತಾಳಲಾರದ ಸ್ಥಿತಿಗೆ ಬಂದಿರುತ್ತದೆ ಎಂದು ತಿಳಿಯಿತು. ಮೇಲಿಂದ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಇಟ್ಟು ಮತ್ತೊಮ್ಮೆ ಹಚ್ಚಿದಾಗ ಬೆಂಕಿ ಹತೋಟಿಗೆ ಬಂತು. ಮೊದಲು ಹೇಳಿದ ನಾಲ್ಕು ನಿಮಿಷದ ಪಕ್ಕದಲ್ಲಿ ಈ ತೊಂಬತ್ತು ಸೆಕೆಂಡನ್ನು ಇಟ್ಟು ನೋಡಿ.

ಬೆಂಗಳೂರಿನವರು ಇದಕ್ಕಾಗಿ ನ್ಯೂಯಾರ್ಕಿನವರೆಗೆ ಹೋಗಬೇಕಾಗಿಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಕಚೇರಿಗೆಂದು ಬಂದಿದ್ದವರಲ್ಲಿ ಒಂಬತ್ತು ಮಂದಿ ಮನೆಗೆ ಮರಳಲಿಲ್ಲ. ಉರಿಗಿಂತ ಹೆಚ್ಚಾಗಿ ಕಾಡಿದ್ದು ಹೊಗೆ. ಅದು ಮಹಡಿಗಳಿಗೆ ತುಂಬಿತು, ಕೆಲವರು ಕಿಟಕಿ ಒಡೆದು ಜಿಗಿದರು. ಹೊರದಾರಿಗೆ ಬೀಗ ಬಿದ್ದಿದ್ದರ ಮಾತು ಅಲ್ಲಿಯೂ ಬಂತು. ನೂರು ವರ್ಷದ ಅಂತರ, ಅದೇ ಬೀಗ.

ಹಾಗಾದರೆ ಪ್ರತಿ ಕಾರ್ಖಾನೆಯೂ ಒಂದು ಸಿಮ್ಯುಲೇಶನ್ ಮಾಡಿಸಿಬಿಟ್ಟರೆ ಮುಗಿಯಿತೇ? ಇಲ್ಲ ಎಂದು ನನಗೆ ಮನದಟ್ಟು ಮಾಡಿಸಿದ್ದು ಯಾವ ಪುಸ್ತಕವೂ ಅಲ್ಲ. ನಮ್ಮ ಬಡಾವಣೆಯಿಂದ ದಿನವೂ ಗಾರ್ಮೆಂಟ್ಸಿಗೆ ಹೋಗುವ, ಟೈಲರ್ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು. ಅವರ ಕಾರ್ಖಾನೆಯಲ್ಲಿ ಫೈರ್ ಡ್ರಿಲ್ ಮಾಡುತ್ತಾರೆಯೇ ಎಂದು ಕೇಳಿದ್ದೆ.

“ಮಾಡ್ತಾರೆ ಸಾರ್. ಡ್ರಿಲ್ ದಿನ ಎಲ್ಲಾ ಚೆನ್ನಾಗೇ ಇರುತ್ತೆ. ಹಿಂದಿನ ದಿನಾನೇ ದಾರಿ ಖಾಲಿ ಮಾಡಿಸ್ತಾರೆ. ನೀವು ಶಿಪ್‌ಮೆಂಟ್ ದಿನ ಬಂದು ನೋಡಬೇಕು. ಲೈನ್ ಮಧ್ಯೆ ಬಂಡಲ್ಲು, ಕಾರ್ಟನ್ನು ಮೆಟ್ಟಲತನಕ ಇರುತ್ತೆ.”

“ನಿಜವಾಗಲೂ ಬೆಂಕಿ ಬಿದ್ದರೆ ಯಾವ ಕಡೆ ಓಡ್ತೀರಮ್ಮ?”

“ಪಂಚಿಂಗ್ ಮಾಡ್ತೀವಲ್ಲ, ಆ ಬಾಗಿಲಿಗೇ. ಇನ್ನೊಂದು ಬಾಗಿಲು ತೆಗೆದಿದ್ದನ್ನ ನಾನು ನೋಡೇ ಇಲ್ಲ.” ಸ್ವಲ್ಪ ತಡೆದು ಆಕೆಯೇ ಮುಂದುವರಿಸಿದರು: “ಅದೂ ಅಲ್ಲ ಸಾರ್, ಕೆಳಗೆ ಕ್ರೆಶ್‌ನಲ್ಲಿ ಮಗು ಬಿಟ್ಟಿರೋರು ಬಾಗಿಲ ಕಡೆ ಯಾಕೆ ಹೋಗ್ತಾರೆ? ಮೊದಲು ಮಗು ಹತ್ರ ಹೋಗ್ತಾರೆ.”

ಈ ಮೂರು ಮಾತಿನಲ್ಲಿ ಎಷ್ಟು ಇದೆ ನೋಡಿ. ಜನ ಹತ್ತಿರದ ಬಾಗಿಲಿಗೆ ಹೋಗದೆ ತಾವು ದಿನವೂ ಬಂದ ಬಾಗಿಲಿಗೇ ಹೋಗುತ್ತಾರೆ ಎಂಬುದನ್ನು ಈ ಕ್ಷೇತ್ರದ ಸಂಶೋಧಕರು ದಶಕಗಳ ಅಧ್ಯಯನದಿಂದ ಕಂಡುಕೊಂಡರು. ಆಕೆ ಅದನ್ನು ಪಂಚಿಂಗ್ ಯಂತ್ರದ ಹೆಸರು ಹೇಳಿ ಮುಗಿಸಿದರು. ದಾರಿ ಕಿರಿದಾಗುವುದನ್ನು ಬಂಡಲ್ಲಿನಿಂದ ತೋರಿಸಿದರು. ಇನ್ನು ಮಗುವಿನ ಮಾತು. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಹೊರಗೆ ಹೋಗುವ ಪ್ರವಾಹಕ್ಕೆ ಎದುರಾಗಿ ಹತ್ತಾರು ತಾಯಂದಿರು ಆ ಕೋಣೆಯ ಕಡೆ ನುಗ್ಗುತ್ತಾರೆ ಎಂಬುದು ಮಾದರಿಯಲ್ಲಿ ಇಲ್ಲದಿದ್ದರೆ, ಅದು ಎಷ್ಟು ಸಾವಿರ ಸಲ ಓಡಿದರೂ ತಪ್ಪನ್ನೇ ಸಾವಿರ ಸಲ ಹೇಳುತ್ತದೆ. ಅದು ಇದ್ದರೆ ಒಂದು ನಿರ್ಧಾರ ಕೂಡಲೇ ಕೈಗೆ ಸಿಗುತ್ತದೆ: ಕ್ರೆಶ್ಶಿಗೆ ಬೀದಿಗೇ ತೆರೆಯುವ ಸ್ವಂತ ಬಾಗಿಲು ಬೇಕು, ಮಕ್ಕಳು ಮೊದಲೇ ಹೊರಗೆ ಬಂದಿದ್ದಾರೆಂದು ತಾಯಂದಿರಿಗೆ ಗೊತ್ತಿರಬೇಕು. ಖರ್ಚು ಹೆಚ್ಚಿನದಲ್ಲ. ಕೇಳಬೇಕಾದವರನ್ನು ಕೇಳಬೇಕು, ಅಷ್ಟೇ.

ಕೇಳದೆ ಮಾಡಿದ ಲೆಕ್ಕದ ಕಥೆ ಒಂದಾದರೆ, ಲೆಕ್ಕವನ್ನೇ ಮಾಡದ ಕಥೆ ಇನ್ನೊಂದು. ಇಂಗ್ಲೆಂಡಿನ ಫ್ಲಿಕ್ಸ್‌ಬರೊ ಎಂಬಲ್ಲಿ ನೈಲಾನಿಗೆ ಬೇಕಾದ ರಾಸಾಯನಿಕ ತಯಾರಿಸುವ ಸ್ಥಾವರವಿತ್ತು. ಸಾಲಾಗಿದ್ದ ರಿಯಾಕ್ಟರುಗಳಲ್ಲಿ ಒಂದು ಬಿರುಕು ಬಿಟ್ಟಾಗ ಅದನ್ನು ತೆಗೆದು, ಆಚೀಚಿನ ಎರಡನ್ನು ತಾತ್ಕಾಲಿಕ ಕೊಳವೆಯಿಂದ ಜೋಡಿಸಿದರು. ಆ ಕೊಳವೆಗೆ ಇದ್ದ ನಕ್ಷೆ, ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಮಾತ್ರ. ಒತ್ತಡಕ್ಕೆ ಅದು ಹೇಗೆ ಬಾಗುತ್ತದೆ ಎಂದು ಯಾರೂ ಲೆಕ್ಕ ಹಾಕಲಿಲ್ಲ. 1974ರ ಜೂನ್ 1ರಂದು ಅದು ಒಡೆದು ಸೈಕ್ಲೋಹೆಕ್ಸೇನ್ ಆವಿ ಮೋಡವಾಗಿ ಸ್ಫೋಟಿಸಿತು. 28 ಮಂದಿ ಸತ್ತರು. ಅವರಲ್ಲಿ 18 ಮಂದಿ ನಿಯಂತ್ರಣ ಕೊಠಡಿಯಲ್ಲಿದ್ದವರು. ಅಂದು ಶನಿವಾರ, ಕಚೇರಿಗಳು ಖಾಲಿಯಿದ್ದವು. ವಾರದ ನಡುವಿನ ದಿನವಾಗಿದ್ದರೆ ಸತ್ತವರ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತು ಎಂದು ನೆನೆದರೇ ಭಯವಾಗುತ್ತದೆ.

ಅದಾಗಿ ಮೂವತ್ತು ವರ್ಷದ ಮೇಲೆ, 2005ರ ಮಾರ್ಚ್ 23ರಂದು, ಟೆಕ್ಸಸ್ ಸಿಟಿಯ ತೈಲ ಶುದ್ಧೀಕರಣಾಗಾರದ ಸ್ಫೋಟದಲ್ಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಸತ್ತವರೆಲ್ಲ ಮರದ ಟ್ರೇಲರ್ ಕೊಠಡಿಗಳ ಒಳಗೋ ಸುತ್ತಲೋ ಇದ್ದವರು. ದ್ರವ ಉಕ್ಕಿ ಚೆಲ್ಲಿದ ಕೊಳವೆಗೋಪುರಕ್ಕೂ ಆ ಕೊಠಡಿಗಳಿಗೂ ನಡುವೆ ನಲವತ್ತು ಮೀಟರೂ ಇರಲಿಲ್ಲ. ಆ ಘಟಕವನ್ನು ಅಂದು ಚಾಲೂ ಮಾಡುವ ಕೆಲಸಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಪಕ್ಕದ ಘಟಕದ ರಿಪೇರಿಗೆ ಬಂದವರು, ಸಭೆ ನಡೆಸಲು ಕೂತವರು. ಸ್ಫೋಟದ ಅಲೆ ಎಷ್ಟು ದೂರದಲ್ಲಿ ಎಂಥ ಗೋಡೆಯನ್ನು ಕೆಡವುತ್ತದೆ ಎಂಬುದು ಇಂದು ಮೇಜಿನ ಮೇಲೆಯೇ ತಿಳಿಯಬಹುದಾದ ಸಂಗತಿ. ಅಮೆರಿಕದ ತೈಲೋದ್ಯಮದವರು ಇಂಥ ತಾತ್ಕಾಲಿಕ ಕೊಠಡಿಗಳನ್ನು ಎಲ್ಲಿ ಇಡಬಹುದು ಎಂಬ ಮಾರ್ಗಸೂಚಿಯನ್ನು 2007ರಲ್ಲಿ ಹೊರತಂದರು. ಆ ಹದಿನೈದು ಮಂದಿಯ ಮಟ್ಟಿಗೆ ಎರಡು ವರ್ಷ ತಡವಾಗಿತ್ತು.

ನೆಲದ ಮೇಲಿನ ಮಾತಾಯಿತು, ನೆಲದ ಕೆಳಗೆ ಕೆಜಿಎಫ್ ಇದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಅದಿರು ತೆಗೆದು ಟೊಳ್ಳು ಮಾಡಿದರೆ ಮೇಲಿನ ಭಾರವೆಲ್ಲ ಉಳಿದ ಕಲ್ಲುಕಂಬಗಳ ಮೇಲೆ ಬರುತ್ತದೆ. ತಾಳಲಾರದ ಕಲ್ಲು ಬಿರುಕು ಬಿಡುವುದಿಲ್ಲ, ಸಿಡಿಯುತ್ತದೆ. ಈ ರಾಕ್‌ಬರ್ಸ್ಟ್ ಆದಾಗ ಮೇಲೆ ಕಾರ್ಮಿಕರ ಲೈನ್ ಮನೆಗಳೂ ನಡುಗುತ್ತಿದ್ದವು, ಯಾರ ಗಂಡ, ಯಾರ ಮಗ ಕೆಳಗಿನ ಪಾಳಿಯಲ್ಲಿದ್ದಾನೆ ಎಂದು ಹೆಂಗಸರು ಬಾವಿಯ ಬಾಯಿಗೆ ಓಡುತ್ತಿದ್ದರು. ಯಾವ ತುದಿಯಿಂದ ಅದಿರು ತೆಗೆಯುತ್ತ ಬಂದರೆ ಯಾವ ಕಂಬದ ಮೇಲೆ ಒತ್ತಡ ಗುಡ್ಡೆಯಾಗುತ್ತದೆ ಎಂಬುದು ಅಲ್ಲಿ ಬದುಕು ಸಾವಿನ ಲೆಕ್ಕ. ಆ ಲೆಕ್ಕದ ಮಾದರಿಗಳನ್ನು ಕಟ್ಟುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿದ್ದು ತೀರ ಸಹಜವಾಗಿತ್ತು. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿ ಬೆಳೆದ ವಿದ್ಯೆ ದೇಶದ ಸುರಂಗಗಳಿಗೂ ಜಲವಿದ್ಯುತ್ ಯೋಜನೆಗಳಿಗೂ ಒದಗಿತು. ಅದರ ಬೆಲೆ ಕೊಟ್ಟವರ ಊರನ್ನು ನಾವು ಇನ್ನೂ ಚೆನ್ನಾಗಿ ನೆನೆಯಬೇಕಿತ್ತು.

ಸ್ಫೋಟ, ಬೆಂಕಿಗಳಂತೆ ಸದ್ದು ಮಾಡದ ಹಾನಿಯ ಬಗ್ಗೆ ನನಗೆ ಇನ್ನೂ ಹೆಚ್ಚು ಹೇಳಬೇಕೆನಿಸುತ್ತದೆ. ಎಪಿಎಂಸಿ ಯಾರ್ಡಿಗೆ ಹೋದವರೆಲ್ಲ ಹಮಾಲರನ್ನು ನೋಡಿರುತ್ತೀರಿ. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ, ದಿನವಿಡೀ ಮೂಟೆ. ಒಂದು ಕಾಲಕ್ಕೆ ಕ್ವಿಂಟಲ್ ಮೂಟೆ, ಈಗ ಬಹುಮಟ್ಟಿಗೆ 50 ಕೆಜಿ. ಸಿಮೆಂಟ್ ಚೀಲವೂ 50 ಕೆಜಿ. ಮಿಚಿಗನ್ ವಿಶ್ವವಿದ್ಯಾಲಯದ ಡಾನ್ ಚಾಫಿನ್ ಮತ್ತವರ ಜೊತೆಗಾರರು ಕಂಪ್ಯೂಟರಿನಲ್ಲಿ ಒಂದು ಮನುಷ್ಯ ದೇಹ ಕಟ್ಟಿದರು. ಅದಕ್ಕೆ ಎತ್ತರ, ತೂಕ, ನಿಂತ ಭಂಗಿ, ಕೈಯಲ್ಲಿನ ಭಾರ ಹೇಳಿದರೆ ಸೊಂಟದ ಕೊನೆಯ ಬೆನ್ನೆಲುಬಿನ ಬಿಲ್ಲೆಯ ಮೇಲೆ ಎಷ್ಟು ಒತ್ತಡ ಬಿತ್ತು ಎಂದು ಹೇಳುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಆ ಒತ್ತಡಕ್ಕೆ ಇಟ್ಟುಕೊಂಡ ಎಚ್ಚರಿಕೆಯ ಗಡಿ 3,400 ನ್ಯೂಟನ್. ಎಲ್ಲವೂ ಅನುಕೂಲವಾಗಿದ್ದಾಗಲೂ ಎರಡು ಕೈಯಲ್ಲಿ ಎತ್ತಲು ಅದರ ಸೂತ್ರ ಒಪ್ಪುವ ಭಾರ 23 ಕೆಜಿ. ನೆಲದಲ್ಲಿರುವ 50 ಕೆಜಿ ಚೀಲವನ್ನು ಒಬ್ಬನೇ ಬಗ್ಗಿ ಎತ್ತಿದರೆ ಆ ಗಡಿ ದಾಟಿಯೇ ದಾಟುತ್ತದೆ.

ಹಮಾಲನ ಬೆನ್ನು ಒಂದೇ ದಿನದಲ್ಲಿ ಮುರಿಯುವುದಿಲ್ಲವಾದ್ದರಿಂದ ಅದು ಯಾವ ಪತ್ರಿಕೆಯ ಸುದ್ದಿಯೂ ಅಲ್ಲ, ಯಾವ ಹೋಟೆಲಿನ ಮಾತೂ ಅಲ್ಲ. ನಲವತ್ತೈದಕ್ಕೇ ದುಡಿಮೆ ಬಿಟ್ಟು ಮನೆಯ ಜಗಲಿಯಲ್ಲಿ ಕೂತವನ ನೋವನ್ನು ವಯಸ್ಸಿನ ಖಾತೆಗೆ ಬರೆಯುತ್ತೇವೆ. ಈ ಮಾದರಿ ಆ ಸುಳ್ಳು ಖಾತೆಯನ್ನು ಬಯಲು ಮಾಡುತ್ತದೆ, ನನಗೆ ಅದು ದೊಡ್ಡ ಕೆಲಸವಾಗಿ ಕಾಣುತ್ತದೆ. ಚೀಲ 25 ಕೆಜಿಯಾದರೆ ಏನಾಗುತ್ತದೆ, ಲಾರಿಯ ಮಟ್ಟಕ್ಕೆ ಕಟ್ಟೆ ಎತ್ತರಿಸಿದರೆ ಏನಾಗುತ್ತದೆ, ತಳ್ಳುಗಾಡಿ ಕೊಟ್ಟರೆ ಏನಾಗುತ್ತದೆ ಎಂದು ಯಾರ ಬೆನ್ನನ್ನೂ ಪಣಕ್ಕಿಡದೆ ನೋಡಬಹುದು. ಚೀಲದ ತೂಕ ಬದಲಿಸಲು ಆಗುವುದಿಲ್ಲ ಎನ್ನುವವರಿಗೆ ಒಂದು ನೆನಪು: 2018ರಲ್ಲಿ ಯೂರಿಯಾ ಚೀಲ ದೇಶಾದ್ಯಂತ 50ರಿಂದ 45 ಕೆಜಿಗೆ ಇಳಿಯಿತು. ಯೂರಿಯಾ ಬಳಕೆ ತಗ್ಗಲೆಂದು ಹಾಗೆ ಮಾಡಿದ್ದು, ಬೆನ್ನಿಗಾಗಿ ಅಲ್ಲ. ಮಣ್ಣಿಗಾಗಿ ಮಾಡಲು ಸಾಧ್ಯವಾದದ್ದು ಮನುಷ್ಯನಿಗಾಗಿಯೂ ಸಾಧ್ಯ.

ಲೆಕ್ಕ ಎಷ್ಟೇ ಚೆನ್ನಾಗಿರಲಿ, ಅದು ನಿರ್ಧಾರವಲ್ಲ. ಎರಡನೆಯ ಬಾಗಿಲು ಕೊರೆಯಿಸಬೇಕೋ ಬೇಡವೋ ಎಂದು ಹೇಳುವವನು ಮನುಷ್ಯ. ಮಾದರಿ ಮಾಡಿಸಿ, ಬಣ್ಣದ ಚಿತ್ರಗಳ ವರದಿಯನ್ನು ತಪಾಸಣೆಗೆ ಬಂದವರ ಮುಂದಿಟ್ಟು, ಬೀಗ ಮಾತ್ರ ಹಾಗೆಯೇ ಬಿಟ್ಟರೆ ಅದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಎಲ್ಲ ಸರಿಯಿದೆ ಎಂಬ ಭರವಸೆ ಹುಟ್ಟಿಸುತ್ತದೆ. 1984ರ ಭೋಪಾಲದ ರಾತ್ರಿಯ ತರುವಾಯ, 1987ರಲ್ಲಿ ನಮ್ಮ ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತು. ಅಪಾಯಕಾರಿ ಕೆಲಸ ನಡೆಯುವಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮಾನ ಪ್ರಾತಿನಿಧ್ಯವಿರುವ ಸುರಕ್ಷತಾ ಸಮಿತಿ ಇರಬೇಕು, ಅಪಾಯಗಳೇನೆಂದು ಕಾರ್ಮಿಕರಿಗೂ ಸುತ್ತಲ ಜನರಿಗೂ ತಿಳಿಸಬೇಕು ಎಂದು ಅದು ಹೇಳಿತು. ಕಾರ್ಮಿಕರ ಸುರಕ್ಷತೆಗೆಂದು ಬಂದ 2020ರ ಸಂಹಿತೆಯಲ್ಲೂ ಸುರಕ್ಷತಾ ಸಮಿತಿಯ ಮಾತಿದೆ. ಸಿಮ್ಯುಲೇಶನ್ನಿನ ಸರಿಯಾದ ಜಾಗ ಆ ಸಮಿತಿಯ ಮೇಜು. ಪರದೆಯ ಮೇಲೆ ಅದನ್ನು ಓಡಿಸಿ ತೋರಿಸಿದರೆ, ಇಂಗ್ಲಿಷ್ ವರದಿ ಓದಲಾಗದ ಹೆಲ್ಪರ್ ಕೂಡ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ಹೇಳಬಲ್ಲಳು.

ಸುರಕ್ಷತಾ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು: ಮಾದರಿ ಕಟ್ಟುವ ಮೊದಲು ಒಂದು ಶಿಪ್‌ಮೆಂಟ್ ದಿನವನ್ನು ಪೂರ್ತಿ ಲೈನಿನಲ್ಲಿ ಕಳೆಯಿರಿ, ಕ್ರೆಶ್ಶಿನ ದಾರಿಯನ್ನು ನಡೆದು ನೋಡಿ. ಸಮಿತಿಯಲ್ಲಿ ಕಾರ್ಮಿಕರ ಪರವಾಗಿ ಕೂರುವ ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ಸಭೆಯಲ್ಲಿ ಸಂಕೋಚ ಬಿಟ್ಟು ಕೇಳಿ: ಈ ಲೆಕ್ಕದಲ್ಲಿ ಎಷ್ಟು ಬಾಗಿಲು ತೆರೆದಿವೆ ಎಂದು ಹಿಡಿದಿದ್ದೀರಿ, ಅವುಗಳ ಬೀಗದ ಕೈ ಯಾರ ಹತ್ತಿರ ಇದೆ?